ಹಾಗಲಕಾಯಿ ತಿಂದ ಮನೆ

ಆನಂದ ನಿವಾಸ,
ಸೋನಾರ್‌ಪುರದ ಹಿಂದಿನ ಗಲ್ಲಿ, ಕಾಶಿ.
ಶ್ರಾವಣ ಮಾಸ, 19-8-1992

ಮಾತೋಶ್ರೀ ಅವ್ವನ ಪಾದಗಳಿಗೆ, ಕಾಶಿಯಲ್ಲೇ ಉಳಿದುಹೋದವಳ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗವೆಂದು ಬರೆದೆನೇ ಹೊರತು ಈ ಮನೆಯ ನೆಲಕ್ಕೆ ಹಣೆ ತಾಗಿಸುವ ಧೈರ್ಯ ನನಗಿಲ್ಲ. ತಾಗಿಸಿದ ಹಣೆಯನ್ನು ಅದು ವಾಪಸು ಕೊಡುತ್ತದೆಂಬ ಖಾತ್ರಿ ಏನು? ಆದ್ದರಿಂದ ನಿಂತಲ್ಲೇ ಕೈಮುಗಿದಿದ್ದೇನೆ. ಉಳಿದ ಅಂಗಗಳ ನಮಸ್ಕಾರ ಧಾರವಾಡಕ್ಕೆ ಬಂದ ಮೇಲೆ.

ನಾನು ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ಕೆಲವು ಅನುಮಾನಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಬದನೆಕಾಯಿ.

ಮೇ ತಿಂಗಳಲ್ಲಿ ನನ್ನ ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಅಪ್ಪನ ಅಸ್ಥಿ ಹಿಡಿದುಕೊಂಡು ಇಲ್ಲಿಗೆ ಬಂದೆವು. ದೋಣಿಯಲ್ಲಿ ಹೋಗಿ ಗಂಗೆಯ ನಡುವೆ ಅಸ್ಥಿ ಬಿಟ್ಟೆವು. ಮರುದಿನ ಈ ಮನೆಯ ಅಂಗಳದಲ್ಲಿ, ಕಾಶಿಗೆ ಬಂದವರು ತಮಗೆ ಪ್ರೀತಿಯಾದದ್ದೊಂದನ್ನು ಇಲ್ಲೇ ಬಿಟ್ಟು ಹೋಗಬೇಕೆಂಬ ಪದ್ಧತಿಯಂತೆ, ನೀನು ಅಪ್ಪನ ಹೆಸರಿನಲ್ಲಿ ಬದನೆಕಾಯಿ ಬಿಟ್ಟೆ. ಇನ್ನು ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲವೆಂದೆ. ನಾನು ಪಕ್ಕದಲ್ಲೇ ಇದ್ದೆ, ಕಿವಿಯಾರೆ ಕೇಳಿದೆ.

ನಿನ್ನೆ ನಮ್ಮ ಓಣಿಯ ಕಮಲಾದೇವಿ ಕಾಕು ಯಾತ್ರೆಗೆ ಬಂದು ಇಲ್ಲೇ ಇಳಿದುಕೊಂಡರು. ಕೈಕಾಲು ತೊಳೆಯುವ ಮೊದಲೇ ಶುರು ಮಾಡಿದರು: “ಏನ ಅನ್ನು ಶ್ರೀರಮಾ, ನಿಮ್ಮವ್ವನ ಕೈ ಎಣ್ಣಿಗಾಯಿ ತಿಂದ್ರ ಕಾಶಿಗೆ ಯಾಕ ಬರಬೇಕು ಅನಸ್ತದ ನೋಡು. ಪಂಚಮಿ ಮರುದಿನ ಕರದು ಬಡಿಸಿದ್ಲು. ತಾನೂ ನನ್ನ ಮುಂದ ಕೂತು ತಿಂದ್ಲು.”

ತಾನೂ ತಿಂದ್ಲು! ಅವ್ವಾ, ನೀನು ಏಕಾದಶಿಯ ದಿನ ಬೇರೆಯವರ ಮನೆಯ ಒಗ್ಗರಣೆ ವಾಸನೆ ಬಂದರೂ ಕಿಟಕಿ ಮುಚ್ಚುವವಳು. ಶಾಲೆಯಲ್ಲಿ ಸೀಮೆಸುಣ್ಣದ ತುಂಡು ಸೆರಗಿಗೆ ಸಿಕ್ಕಿ ಮನೆಗೆ ಬಂದರೆ ಮರುದಿನ ಒಯ್ದು ಹೆಡ್‌ಮಾಸ್ತರರ ಕೈಗೆ ಕೊಡುವವಳು. ನೀನು ಗಂಡನ ಹೆಸರಿನಲ್ಲಿ ಬಿಟ್ಟ ಬದನೆಕಾಯಿಯನ್ನು ನೆರೆಯವರ ಎದುರಿಗೆ ಕೂತು ತಿನ್ನುವುದೆಂದರೆ ಅದಕ್ಕೆ ಅರ್ಥ ಒಂದೇ. ನೀನು ಬದನೆಕಾಯಿ ಬಿಟ್ಟಿಲ್ಲ. ಹಾಗಾದರೆ ಬಿಟ್ಟದ್ದು ಏನು?

ಈ ಪ್ರಶ್ನೆ ನನಗೆ ಯಾಕೆ ಇಷ್ಟು ಮುಖ್ಯವೆಂದು ತಿಳಿಯಬೇಕಾದರೆ ಈ ಮನೆಯ ಸಮಾಚಾರವನ್ನು ನೀನು ಕೇಳಲೇಬೇಕು. ಇಲ್ಲಿಯವರೆಗೆ ಬರೆದಿರಲಿಲ್ಲ. ಬರೆದರೆ ಮಗಳಿಗೆ ಬಿಸಿಲು ನೆತ್ತಿಗೇರಿದೆ ಎಂದು ಬಾದಾಮಿ ಎಣ್ಣೆ ಕಳಿಸುತ್ತಿದ್ದೆ.

ಇಲ್ಲಿಳಿಯುವ ಯಾತ್ರಿಕರಿಗೆಲ್ಲ ಅಡುಗೆ ಮಾಡಿ ಹಾಕುವ ಗೋದಾಬಾಯಿ ಅಜ್ಜಿಯ ಮಣಿಕಟ್ಟು ಮುರಿದಿದೆ, ವಾಸಿಯಾಗುವವರೆಗೆ ಇದ್ದು ಅಡುಗೆಗೆ ನೆರವಾಗು ಎಂದು ನೀನು ನನ್ನನ್ನು ಬಿಟ್ಟು ಶಾಲೆ ತೆರೆಯುವ ಹೊತ್ತಿಗೆ ಹೋದೆಯಲ್ಲ, ಜೂನ್ ಮುಗಿಯುವಷ್ಟರಲ್ಲಿ ಅದು ವಾಸಿಯಾಯಿತು. ಯಾತ್ರಿಕರಿಗೆ ಶಾಸ್ತ್ರ ಮಾಡಿಸುವುದರ ನಡುವೆಯೇ ಗಣಪತಿ ಮಾಮಾ ನನಗೆ ಟಿಕೇಟು ತಂದ. ಗಲ್ಲಿಯ ತುದಿಯಲ್ಲಿ ರಿಕ್ಷಾದವನು ಗಂಟೆ ಬಾರಿಸುತ್ತಿದ್ದ. ನಾನು ಟ್ರಂಕು ಎತ್ತಿಕೊಂಡು, ಅಜ್ಜಿಗೆ ನಮಸ್ಕರಿಸಿ, ಬಲಗಾಲು ಮುಂದಿಟ್ಟು ತಲೆಬಾಗಿಲ ಹೊಸ್ತಿಲು ದಾಟಿದೆ. ದಾಟಿದರೆ ಅಡುಗೆಮನೆ. ಟ್ರಂಕು ಕೈಯಲ್ಲೇ ಇದೆ, ಎದುರಿಗೆ ಒಲೆ. ಅಜ್ಜಿ ತಿರುಗಿಯೂ ನೋಡದೆ, “ಬಂದ್ಯಾ? ಹಾಲು ಉಕ್ಕಲಿಕತ್ತಾವ, ಇಳಸು” ಅಂದರು.

ಇಳಿಸಿದೆ. ಹಾಲಿನ ತಪ್ಪೇನಿದೆ?

ಆಮೇಲೆ ಹೋದೆ, ಬಂದೆ. ತಲೆಬಾಗಿಲಿಂದ ಹೋದರೆ ಅಡುಗೆಮನೆ, ಹಿತ್ತಲ ಬಾಗಿಲಿಂದ ಹೋದರೆ ದೇವರಕೋಣೆ. ಇಲ್ಲಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೋತಿಗಳು ಸೋನಾರ್‌ಪುರದಿಂದ ಘಾಟಿನವರೆಗೆ ನೆಲ ಮುಟ್ಟದೆ ಹೋಗುತ್ತವೆ. ಒಂದು ಕೋತಿಯ ಹಿಂದೆಯೇ ನಾನೂ ಪಕ್ಕದ ಮನೆಯ ಮಾಳಿಗೆಗೆ ಕಾಲಿಟ್ಟೆ. ಕೋತಿ ಹೋಯಿತು. ನನ್ನ ಕಾಲು ನಮ್ಮದೇ ಅಟ್ಟದ ಉಪ್ಪಿನಕಾಯಿ ಭರಣಿಯಲ್ಲಿತ್ತು. ಗದುಗಿನ ಯಾತ್ರಿಕರ ಗುಂಪು ಹೊರಟಾಗ ಸೆರಗು ಮುಸುಕು ಹಾಕಿ, ಕೆಮ್ಮುತ್ತ, ಬೆನ್ನು ಬಗ್ಗಿಸಿ, ಅವರ ನಡುವೆ ಸೇರಿಕೊಂಡೆ. ಗುಂಪು ಹರಹರ ಎನ್ನುತ್ತ ಗಲ್ಲಿಗೆ ಹೋಯಿತು, ನಾನು ಕೆಮ್ಮುತ್ತ ಅಡುಗೆಮನೆಗೆ ಬಂದೆ. “ಕೆಮ್ಮು ಯಾಕ? ಕಷಾಯಾ ಕುಡಿ” ಅಂದರು ಅಜ್ಜಿ.

ಈ ಮನೆಗೆ ಜೀವವಿದೆ ಅವ್ವಾ. ಗೋಡೆಗೆ ಕೈಯಿಟ್ಟರೆ ಎಮ್ಮೆಯ ಪಕ್ಕೆಯಂತೆ ಬೆಚ್ಚಗಿರುತ್ತದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ತೊಲೆಗಳು ಸಣ್ಣಗೆ ಗೊರಕೆ ಹೊಡೆಯುತ್ತವೆ. ಊರೆಲ್ಲ ಚಹಾ ಕುಡಿಯುವ ಹೊತ್ತಿಗೆ ಅಂಗಳದ ನಡುವಿನ ಮೋರಿಯಿಂದ ಒಂದು ದೊಡ್ಡ ತೇಗು ಬರುತ್ತದೆ. ಅದಕ್ಕೆ ಹಾಗಲಕಾಯಿಯ ವಾಸನೆ.

ನಾನು ಅಳಬಹುದಿತ್ತು. ಆದರೆ ಈ ಮನೆ ಕಣ್ಣೀರನ್ನೂ ನೆಲದಲ್ಲಿ ಚಪ್ಪರಿಸಿಕೊಂಡು ಹೀರುತ್ತದೆ. ಅದಕ್ಕೆ ಆ ಸುಖ ಕೊಡಬಾರದೆಂದು ಅಳುವ ಬದಲು ಅನುಮಾನ ಪಡಲು ಕೂತೆ.

ಮೊದಲನೆಯ ಅನುಮಾನ ಗಣಪತಿ ಮಾಮಾನ ಮೇಲೆ. ನಾನು ಬಂದಾಗಿನಿಂದ ಅವನಿಗೆ ಕರಕಲಾಗದ ಚಪಾತಿ ಸಿಗುತ್ತಿದೆ, ಧೋತರಕ್ಕೆ ನೀಲಿ ಬೀಳುತ್ತಿದೆ. ನಾನು ಹೊರಡುವ ಮಾತೆತ್ತಿದರೆ, “ಅರೇ ಭಾಯಿ, ಚಿಂತಾ ಮತ್ ಕರೋ, ಆಗ್ತದ” ಎಂದು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಬಾಯಿ ತುಂಬ ಪಾನ್ ಇದ್ದವನನ್ನು ವಿಚಾರಣೆ ಮಾಡುವುದು ಕಾಶಿಯಲ್ಲಿ ಯಾವ ಪೊಲೀಸನಿಗೂ ಸಾಧ್ಯವಾಗಿಲ್ಲ.

ಎರಡನೆಯದು ಅಜ್ಜಿಯ ಮೇಲೆ. ಮುರಿದದ್ದು ಬಲಗೈ. ಟಿಕೇಟು ಬಂದ ದಿನ ಪಟ್ಟಿ ಎಡಗೈಯಲ್ಲಿತ್ತು. “ಅಜ್ಜಿ, ಮುರಿದಿದ್ದು ಈ ಕೈಯಲ್ಲ” ಅಂದರೆ, “ವಯಸ್ಸಾತು ತಂಗಿ, ನೋವು ತಿರಗಾಡ್ತದ” ಅಂದರು.

ಮೂರನೆಯದಾಗಿ ಮನೆಯನ್ನೇ ಕೇಳೋಣವೆಂದು ಮೋರಿಗೆ ಬಾಯಿಟ್ಟು ಕೂಗಿದೆ. ಅದು ತೇಗಿತು. ಅಂದು ನಾನು ಊಟ ಮಾಡಲಿಲ್ಲ.

ನಿನ್ನೆ ಕಮಲಾದೇವಿ ಕಾಕು ಬದನೆಕಾಯಿಯ ಬಾಂಬು ಹಾಕಿದ ಮೇಲೆ ಮಾತ್ರ ನಾನು ಅಜ್ಜಿಯನ್ನು ಬಿಡಲಿಲ್ಲ. ಅವರ ಮುಂದೆ ಮೊರದಲ್ಲಿ ಅಕ್ಕಿ ಇತ್ತು, ನನ್ನ ಮುಂದೆ ಅವರಿದ್ದರು. ಖರೇ ಹೇಳದಿದ್ದರೆ ನಾಳೆಯಿಂದ ಯಾತ್ರಿಕರ ಸಾರಿಗೆ ಉಪ್ಪು ಹಾಕುವುದಿಲ್ಲವೆಂದು ಹೆದರಿಸಿದೆ. ಅಜ್ಜಿ ಕಲ್ಲು ಆರಿಸುತ್ತಲೇ ಹೇಳಿದರು.

“ಮೊದಲ ಮನಿ ಹಿಂಗಿದ್ದಿಲ್ಲ ತಂಗಿ. ಬರೇ ಇಟ್ಟಂಗಿ, ಸುಣ್ಣ. ನಿಮ್ಮ ಮಾಮಾನ ಮೊಣಕಾಲು ಹಿಡದಮ್ಯಾಲೆ ಹಿಂಗಾತು.”

ಬಿಡುವ ಶಾಸ್ತ್ರ ಇರುವುದು ಗಂಗೆಯಲ್ಲಿ ನಿಂತು. ಯಾತ್ರಿಕರು ಬೊಗಸೆಯಲ್ಲಿ ನೀರು, ಎಳ್ಳು ಹಿಡಿದು, ಪ್ರೀತಿಯ ವಸ್ತುವಿನ ಹೆಸರು ಹೇಳಿ ಹೊಳೆಗೆ ಬಿಡಬೇಕು. ಆದರೆ ಘಾಟಿನ ಮೆಟ್ಟಿಲು ಇಳಿದು ಹತ್ತುವುದು ಮಾಮಾನ ಮೊಣಕಾಲಿಗೆ ಆಗದ ಕೆಲಸವಾಯಿತು. ಅವನು ಒಂದು ಗಡಿಗೆ ಗಂಗಾಜಲ ತರಿಸಿ ಅಂಗಳದಲ್ಲಿಟ್ಟ. “ನೀರು ಗಡಗ್ಯಾಗದ, ಮಂತ್ರ ನನ್ನ ಬಾಯಾಗದ, ಮತ್ತ ಘಾಟಿಗೆ ಕಾಯಕೋ ಜಾನಾ, ಯಾಕ ಹೋಗಬೇಕು?” ಅಂದ. ಯಾತ್ರಿಕರಿಗೂ ಸಂತೋಷವೇ. ಏಳೆಂಟು ವರ್ಷದಿಂದ ದಕ್ಷಿಣದ ಜನರೆಲ್ಲ ತಮ್ಮ ತಮ್ಮ ಪ್ರೀತಿಯನ್ನು ಈ ಮೋರಿಯೊಳಗೆ ಬಿಟ್ಟಿದ್ದಾರೆ.

“ಗಂಗಾ ತೊಗೊಂಡದ್ದನ್ನ ಒಯ್ದು ಸಮುದ್ರಕ್ಕ ಹಾಕ್ತಾಳ,” ಅಂದರು ಅಜ್ಜಿ. “ಮನಿ ತೊಗೊಂಡದ್ದನ್ನ ಎಲ್ಲಿಗೆ ಒಯ್ಬೇಕು? ಹೊಟ್ಟ್ಯಾಗ ಇಟಗೋತದ. ತಿಂದು ತಿಂದು ಜೀವ ಬಂತು.”

ಏನು ತಿಂದು? ಇಲ್ಲಿಯೇ ನಮ್ಮ ಜನರ ಭಕ್ತಿ ಬಯಲಾಗುವುದು. ಪ್ರೀತಿಯದ್ದನ್ನು ಬಿಡಿ ಎಂದರೆ ನೂರಕ್ಕೆ ತೊಂಬತ್ತು ಮಂದಿ ಬಿಡುವುದು ಹಾಗಲಕಾಯಿಯನ್ನು. ಉಳಿದವರಲ್ಲಿ ಸಕ್ಕರೆ ರೋಗದವರು ಡಾಕ್ಟರು ಮೊದಲೇ ಬಿಡಿಸಿದ, ಸಿಹಿ ಆರಿದ ಸಕ್ಕರೆ ಬಿಡುತ್ತಾರೆ, ಹಲ್ಲಿಲ್ಲದವರು ಚಕ್ಕುಲಿ ಬಿಡುತ್ತಾರೆ. ಹುಬ್ಬಳ್ಳಿಯ ವಕೀಲರೊಬ್ಬರು ತಮಗೆ ಪ್ರಾಣಪ್ರಿಯವೆಂದು ಬೀಗರ ಮನೆಯ ಊಟವನ್ನೇ ಬಿಟ್ಟರಂತೆ. ಇಷ್ಟು ವರ್ಷ ಬರೀ ಹಾಗಲಕಾಯಿ ತಿಂದು ಬೆಳೆದ ಮನೆಯ ಸ್ವಭಾವ ಹೇಗಿರಬೇಕು ನೀನೇ ಹೇಳು. ಒಂದು ಸಿಹಿ ತುತ್ತಿಗಾಗಿ ಅದು ಬಾಯಿಬಿಟ್ಟು ಕಾದಿತ್ತು.

ಆಗ ನೀನು ಬಂದೆ.

ಆ ದಿನವನ್ನು ನಿನ್ನೆಯಿಂದ ಮತ್ತೆ ಮತ್ತೆ ನೆನಪಿಸಿಕೊಂಡಿದ್ದೇನೆ. ನೀನು ಮೋರಿಯ ಪಕ್ಕ ಕೂತಿದ್ದೆ. ಮಾಮಾ ಅವಸರ ಮಾಡುತ್ತಿದ್ದ: “ಅಕ್ಕಾ, ಪ್ರೀತಿದು ಏನರ ಒಂದು ಹೇಳು, ಲಗೂನ, ಆ ಕಡೆ ಗದುಗಿನವರು ಕಾಯ್ಲಿಕತ್ತಾರ.” ನೀನು ಬೊಗಸೆ ಹಿಡಿದು ತಲೆಯೆತ್ತಿದೆ. ನಾನು ಎದುರಿನ ಕಂಬಕ್ಕೆ ಒರಗಿ, ಒದ್ದೆ ಕೂದಲು ಬಿಟ್ಟುಕೊಂಡು, ಎರಡೂ ಕೈಯಲ್ಲಿ ಜಿಲೇಬಿ ಹಿಡಿದು ತಿನ್ನುತ್ತಿದ್ದೆ. ನೀನು ನನ್ನನ್ನೇ ನೋಡುತ್ತಿದ್ದೆ. ಕೈ ತೊಳೆಯದೆ ತಿನ್ನುತ್ತಿದ್ದೇನೆಂದು ಸಿಟ್ಟಿರಬೇಕು ಅಂದುಕೊಂಡೆ. ನಿನ್ನ ಬೊಗಸೆ ಸಡಿಲವಾಗಿ ನೀರು ಮೋರಿಗೆ ಬಿತ್ತು. ಆಮೇಲೆ, ಬಿದ್ದ ಆಮೇಲೆ, ನೀನು ಗಾಬರಿಯಾಗಿ “ಬದನೀಕಾಯಿ” ಅಂದೆ.

“ನೀರು ಬಿದ್ದ ಹೊತ್ತಿನ್ಯಾಗ ಎದ್ಯಾಗ ಏನಿತ್ತೋ ಅದ ಹೋತು. ಮಾತು ಹಿಂದಿಂದ ಬಂತು. ನಾ ಅವತ್ತ ನೋಡೀನಿ,” ಅಂದರು ಅಜ್ಜಿ. ಕಲ್ಲು ಆರಿಸುವುದನ್ನು ಮಾತ್ರ ನಿಲ್ಲಿಸಿದ್ದರು. “ಮನಿಗೆ ನಿನ್ನ ಬಿಡಬೇಕಂತ ಹ್ಯಾಂಗ ಅನಸೀತು? ಅದರ ಹೊಟ್ಟ್ಯಾಗ ಬಿದ್ದ ಸಿಹಿ ಪದಾರ್ಥ ಅಂದ್ರ ನೀ ಒಬ್ಬಾಕಿನ.”

ಹೀಗಾಗಿ ಮೊಕದ್ದಮೆ ತೀರ್ಮಾನವಾಯಿತು. ನನ್ನನ್ನು ಈ ಮನೆಗೆ ಉಣಬಡಿಸಿದವಳು ನೀನು.

ಮತ್ತು ಅವ್ವಾ, ನಿನಗೆ ಇದು ಗೊತ್ತು. ಗೊತ್ತಿಲ್ಲವೆಂದು ಪಾಟಿ ಬೆಳ್ಳಗಾಗುವಷ್ಟು ಬರೆದರೂ ನಾನು ನಂಬುವುದಿಲ್ಲ. ಗೊತ್ತಿರುವುದರಿಂದಲೇ ನೀನು ಬದನೆಕಾಯಿ ನಿಶ್ಚಿಂತೆಯಿಂದ ತಿನ್ನುತ್ತಿದ್ದೀಯ. ಗೊತ್ತಿರುವುದರಿಂದಲೇ ನಿನ್ನ ಕಾರ್ಡುಗಳು ಮಾಮಾನ ಹೆಸರಿಗೆ ಬರುತ್ತವೆ, ಒಳಗೆ “ಅಲ್ಲಿದ್ದವಳಿಗೆ ಆಶೀರ್ವಾದ” ಎಂದಿರುತ್ತದೆ. ಹಾಗಲಕಾಯಿ ಬಿಟ್ಟವರು ಸಂತೆಯಲ್ಲಿ ಅದರ ಹೆಸರೆತ್ತದೆ ಮುಖ ತಿರುಗಿಸಿ ಹೋಗುತ್ತಾರಲ್ಲ, ಹಾಗೆ ನೀನು ನನ್ನ ಹೆಸರು ಬಿಟ್ಟಿದ್ದೀಯ. ಬಾ ಎಂದು ಒಂದು ಕಾರ್ಡಿನಲ್ಲೂ ಇಲ್ಲ. ಕಾಲೇಜಿಗೆ ಹೆಸರು ಹಚ್ಚಲು ಈ ತಿಂಗಳ ಕೊನೆಯವರೆಗೆ ಮಾತ್ರ ಸಮಯ, ಆಮೇಲೆ ಒಂದು ವರ್ಷ ಹೋಯಿತು. ಅದರ ಮಾತೂ ಇಲ್ಲ.

ಮೊದಲು ನನಗೆ ಬಂದ ಸಿಟ್ಟನ್ನು ಬರೆದರೆ ಕಾಗದ ಸುಡುತ್ತದೆ. ಗಂಡನಿಲ್ಲದ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಯಿತೆಂದು ಹಾಯಾಗಿದ್ದಾಳೆ ಎಂದೂ ಅಂದುಕೊಂಡೆ. ಆದರೆ ಸಿಟ್ಟಿನಲ್ಲಿ ಅನುಮಾನ ಪಡುವವರು ಕೆಟ್ಟ ಪತ್ತೇದಾರರು. ಬೆಳಗಿನ ಚಹಾ ಕುಡಿದ ಮೇಲೆ ಇನ್ನೊಂದು ಅನುಮಾನ ಬಂತು. ನೀನು ನನ್ನನ್ನು ಕರೆಯಲು ಹೆದರುತ್ತಿದ್ದೀಯ. ಬಿಟ್ಟದ್ದನ್ನು ವಾಪಸು ತೆಗೆದುಕೊಂಡರೆ ಅಪ್ಪನ ಪುಣ್ಯ ಕರಗುತ್ತದೆ, ಅವನು ಅರ್ಧ ದಾರಿಯಲ್ಲಿ, ಟಿಕೇಟಿಲ್ಲದವನಂತೆ, ಇಳಿದುಬಿಡಬೇಕಾಗುತ್ತದೆ ಎಂದು ನಿನ್ನ ಹೆದರಿಕೆ. ಗಂಡ ಬೇಕೋ ಮಗಳು ಬೇಕೋ ಎಂದು ಯಾರೂ ಕೇಳದ ಪ್ರಶ್ನೆಗೆ ನೀನೊಬ್ಬಳೇ ಅಡುಗೆಮನೆಯಲ್ಲಿ ಕೂತು ಉತ್ತರ ಹುಡುಕುತ್ತಿದ್ದೀಯ. ಪಂಚಮಿಯ ಮರುದಿನ ಎಣ್ಣೆಗಾಯಿ ಮಾಡಿದ್ದು ಯಾಕೆಂದೂ ಈಗ ಅರ್ಥವಾಗುತ್ತಿದೆ. ಕೊನೆಯ ಕಾಯಿ ಯಾರ ತಟ್ಟೆಗೆ ಎಂದು ಅಪ್ಪನೂ ನಾನೂ ಮಾಡುತ್ತಿದ್ದ ಜಗಳ ನಿನಗೆ ನೆನಪಾಗಿರಬೇಕು. ಜಗಳವಾಡುವವರಿಬ್ಬರೂ ಇಲ್ಲದಾಗ ಕಾಕುವನ್ನು ಕರೆದೆ.

ಹೌದಲ್ಲ? ಹೌದಾದರೆ ಈಗ ನಾನು ಹೇಳುವುದನ್ನು ಕೂತು ಓದು.

ನೀನು ಬಿಟ್ಟದ್ದು ಗಂಗೆಗೆ ಮುಟ್ಟಿಲ್ಲ. ಮೋರಿಗೆ ಮುಟ್ಟಿದೆ. ತಿಂದದ್ದು ಮನೆ. ಅಪ್ಪನಿಗೆ ಅದರಿಂದ ಒಂದು ಸಾಸಿವೆಯಷ್ಟು ಪುಣ್ಯವೂ ಹೋಗಿಲ್ಲ. ಮಾಮಾನ ಮೊಣಕಾಲಿಗೆ ಹೋಗಿದೆ. ಆದ್ದರಿಂದ ನನ್ನನ್ನು ವಾಪಸು ತೆಗೆದುಕೊಂಡರೆ ಅಪ್ಪನಿಗೆ ಕಳೆಯುವುದು ಏನೂ ಇಲ್ಲ. ಈ ವಾದವನ್ನು ಮಾಮಾನ ಮುಂದೆ ಮಂಡಿಸಿದೆ. ಅವನು ಪಾನ್ ಉಗುಳಿ ಬಂದು, ನಾನು ಕಂಡ ಹಾಗೆ ಮೊದಲ ಸಲ, ಬರಿಯ ಬಾಯಲ್ಲಿ ಮಾತಾಡಿದ. “ಇಷ್ಟು ವರ್ಷದ ಯಾತ್ರಿಕರ ಪುಣ್ಯಾ ಎಲ್ಲಾ ಮೋರ್ಯಾಗ ಹೋತೇನು? ಹೇ ಭಗವಾನ್.” ಕಣ್ಣಲ್ಲಿ ನೀರಿತ್ತು. ಅವನ ಮೇಲಿನ ಅನುಮಾನವನ್ನು ಅರ್ಧ ವಾಪಸು ತೆಗೆದುಕೊಂಡಿದ್ದೇನೆ. ಉಳಿದರ್ಧ ಚಪಾತಿಗಾಗಿ ಇಟ್ಟುಕೊಂಡಿದ್ದೇನೆ.

ಸರಿಯಾದ ಜಾಗದಲ್ಲಿ ಶಾಸ್ತ್ರವನ್ನು ಮತ್ತೆ ಮಾಡಬೇಕು. ಅಪ್ಪನ ಹೆಸರಿನಲ್ಲಿ, ಗಂಗೆಯಲ್ಲಿ ನಿಂತು. ಆದರೆ ಗಂಗೆಗೆ ಹೋಗಲು ನನ್ನನ್ನು ಈ ಮನೆ ಬಿಡಬೇಕಲ್ಲ? ಅದಕ್ಕೂ ದಾರಿ ಸಿಕ್ಕಿದೆ. ಈ ವರ್ಷ ಹೊಳೆ ಏರುತ್ತಿದೆ ಅವ್ವಾ. ಘಾಟಿನ ಮೆಟ್ಟಿಲುಗಳೆಲ್ಲ ಮುಳುಗಿವೆ. ಮಣಿಕರ್ಣಿಕೆಯಲ್ಲಿ ಚಿತೆಗಳನ್ನು ಮಾಳಿಗೆಯ ಮೇಲೆ ಹಚ್ಚುತ್ತಿದ್ದಾರಂತೆ. ಇವತ್ತು ನಮ್ಮ ಗಲ್ಲಿಯ ತುದಿಯಲ್ಲಿ ರಿಕ್ಷಾ ನಿಲ್ಲುವ ಜಾಗದಲ್ಲಿ ದೋಣಿ ಕಟ್ಟಿದ್ದಾರೆ. ಮಾಮಾನ ಮೊಣಕಾಲು ಗಂಗೆಯವರೆಗೆ ಹೋಗದಿದ್ದರೆ ಏನಂತೆ, ಗಂಗೆಯೇ ಅವನ ಮೊಣಕಾಲಿನವರೆಗೆ ಬರುತ್ತಿದ್ದಾಳೆ. ಅಂಗಳದ ಮೋರಿ ಕೊನೆಗೆ ಸೇರುವುದು ಹೊಳೆಯನ್ನೇ. ನಾಳೆ ಅದರೊಳಗಿಂದಲೇ ನೀರು ಹಿಂದಕ್ಕೆ ಉಕ್ಕುತ್ತದೆಂದು ಅಜ್ಜಿ ಅಕ್ಕಿಚೀಲ ಮೇಲೆ ಹಾಕಿಸಿದ್ದಾರೆ.

ಮನೆಗೆ ಇದೆಲ್ಲದರ ಸುಳಿವು ಸಿಕ್ಕಿದೆಯೆಂದು ನನಗೆ ಬಲವಾದ ಶಂಕೆ. ಬೆಳಗಿನಿಂದ ಗೋಡೆ ತಣ್ಣಗಿದೆ. ಗೊರಕೆಯಿಲ್ಲ. ಮೆಟ್ಟಿಲು ಇಳಿಯುವಾಗ ಕಟ್ಟಿಗೆಯ ಸೀಳೊಂದು ಲಂಗದ ಅಂಚು ಹಿಡಿದು ಎಳೆಯಿತು, ಬೇಡುವ ಹಾಗೆ. ಒಂದು ಕ್ಷಣ ಪಾಪ ಅನ್ನಿಸಿತು. ಜನ್ಮಕ್ಕೆ ಒಂದು ಸಲ ಸಿಕ್ಕ ಸಿಹಿಯನ್ನು ಯಾರು ತಾನೇ ಬಿಟ್ಟಾರು? ಆಮೇಲೆ ಕಾಲೇಜು ನೆನಪಾಗಿ ಲಂಗ ಬಿಡಿಸಿಕೊಂಡೆ. ಈಗ ಬರೆಯುತ್ತಿರುವಾಗಲೂ ತೊಲೆಗಳು ಬಗ್ಗಿ ಓದುತ್ತಿವೆಯೇನೋ ಅನ್ನಿಸಿ ಕಾಗದಕ್ಕೆ ಕೈ ಅಡ್ಡ ಹಿಡಿದಿದ್ದೇನೆ. ಆದ್ದರಿಂದ ನಾಳೆ ನಾನು ಬಿಡುವುದು ಏನೆಂದು ಬರೆಯುವುದಿಲ್ಲ. ಹಾಗಲಕಾಯಿಯಂತೂ ಅಲ್ಲ.

ಮಾಮಾನ ಕೈಗೆ ಈ ಪತ್ರ ಕೊಡುವುದಿಲ್ಲ. ಅವನ ಕೋಟಿನ ಕಿಸೆಯೂ ಒಂದು ಬಗೆಯ ಸೆರೆಮನೆಯೇ. ಇದು ನಿನ್ನ ಕೈ ಸೇರಿದರೆ ನಾನೇ ಸ್ವತಃ ಡಬ್ಬಿಗೆ ಹಾಕಿದ್ದೇನೆಂದು ತಿಳಿ. ಸೇರದಿದ್ದರೆ ನಿನಗೆ ತಿಳಿಯುವುದೇ ಇಲ್ಲ, ಆದ್ದರಿಂದ ಚಿಂತೆಯಿಲ್ಲ.

ಇಂತು ನಿನ್ನ ಎದೆಯಿಂದ ಮೋರಿಗೆ ಬಿದ್ದ ಮಗಳು, ನೀನು ಬರೆಯದೆ ಉಳಿಸಿರುವ ಹೆಸರಿನವಳು,

ಶ್ರೀರಮಾ

ತಾ.ಕ.: ಇದನ್ನು ಮೊಘಲ್‌ಸರಾಯ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಂಚಿಗೆ ಕೈಯಿಟ್ಟು ನೋಡಿದೆ, ತಣ್ಣಗೆ ನಿರ್ಜೀವವಾಗಿದೆ. ಇಷ್ಟು ಒಳ್ಳೆಯ ಬೆಂಚನ್ನು ನಾನು ಕಂಡಿಲ್ಲ.

ಗಂಗೆ ಬೆಳಗ್ಗೆ ಮೋರಿಯಿಂದ ಎದ್ದು ಅಂಗಳ ತುಂಬಿದಳು. ಮಾಮಾ ಮೊಣಕಾಲುದ್ದ ನೀರಲ್ಲಿ ನಿಂತು, ಪಾನ್ ಇಲ್ಲದ ಬಾಯಲ್ಲಿ, ಒಂದಕ್ಷರ ನುಂಗದೆ ಮಂತ್ರ ಹೇಳಿದ. ನಾನು ಬೊಗಸೆ ಬಿಗಿಯಾಗಿ ಹಿಡಿದು, ಮೊದಲು ಹೆಸರು ಹೇಳಿ, ಆಮೇಲೆ ನೀರು ಬಿಟ್ಟೆ. ಬಿಟ್ಟದ್ದು ನಿನ್ನ ಕೈಯ ಎಣ್ಣೆಗಾಯಿ. ಅದಕ್ಕಿಂತ ಪ್ರೀತಿಯ ತಿನಿಸು ನನ್ನಲ್ಲಿರಲಿಲ್ಲ. ಇನ್ನು ಕೊನೆಯ ಕಾಯಿಗೆ ಅಪ್ಪನ ಜೊತೆ ಜಗಳವಿಲ್ಲ, ಪಾತ್ರೆ ಪೂರ್ತಿ ಅವನದೇ.

ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಗಂಗೆ ಎತ್ತಿಕೊಂಡಳೇನೋ, ಮನೆ ಒಮ್ಮೆ ನಡುಗಿ ದೊಡ್ಡದಾಗಿ ಉಸಿರು ಬಿಟ್ಟಿತು. ಸೋನಾರ್‌ಪುರದ ತುಂಬ ಹಾಗಲಕಾಯಿಯ ವಾಸನೆ, ದೋಣಿಯವನು ಮೂಗು ಮುಚ್ಚಿಕೊಂಡ. ಹೊಸ್ತಿಲು ದಾಟಿದೆ. ದಾಟಿದರೆ ಗಲ್ಲಿ! ಅಜ್ಜಿ ಕೈಯ ಪಟ್ಟಿ ಬಿಚ್ಚಿ ಅದರಲ್ಲೇ ನನ್ನ ಬುತ್ತಿ ಕಟ್ಟಿ ಕೊಟ್ಟರು. “ಹೋಗು. ಹೋಗಿ ಮುಟ್ಟಿದ್ದಕ್ಕ ಒಂದು ಕಾರ್ಡು ಹಾಕು,” ಅಂದರು. ತಿರುಗಿ ನೋಡಿದಾಗ ಗೋಡೆಗೆ ಕೈಯಿಟ್ಟುಕೊಂಡು ನಿಂತಿದ್ದರು. ಮನೆಯನ್ನು ಸಮಾಧಾನ ಮಾಡುತ್ತಿದ್ದರೋ, ಮನೆ ಅವರನ್ನೋ, ಗೊತ್ತಾಗಲಿಲ್ಲ.

ಈ ಪತ್ರ ನನಗಿಂತ ಮೊದಲು ಬಂದರೆ ಎರಡು ಮಾತು ನೆನಪಿಡು. ಬಾಗಿಲು ಬಡಿದಾಗ ಯಾರು ಅಂತ ಕೇಳಬೇಡ, ಹೆಸರು ಹಿಡಿದು ಕರೆ, ಓಣಿಗೆಲ್ಲ ಕೇಳುವ ಹಾಗೆ. ನೀನು ಕರೆಯುವವರೆಗೆ ನಾನು ಒಳಗೆ ಬರುವುದಿಲ್ಲ.

ಮತ್ತೆ, ಆ ದಿನ ಎಣ್ಣೆಗಾಯಿ ಮಾಡು. ನನಗೆ ಬಡಿಸಬೇಡ, ನನ್ನ ಪಕ್ಕ ಕೂತು ನೀನು ತಿನ್ನು. ಅದರ ವಾಸನೆಯನ್ನೂ ಬಿಡುತ್ತೇನೆಂದು ನಾನು ಗಂಗೆಗೆ ಹೇಳಿಲ್ಲ.